ತುಳಿದು ನಡೆಸುವ ದೋಣಿ

ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಹುಟ್ಟಿ, ಜೋಳದ ಹೊಲಗಳ ನಡುವೆ ಬೆಳೆದು, ಭೌತಶಾಸ್ತ್ರದ ಪಾಠ ಹೇಳುತ್ತಲೇ ತಲೆ ನರೆತವನೊಬ್ಬ ಕಡಲತೀರದ ದೋಣಿಯೊಂದರ ಗುಣದೋಷಗಳನ್ನು ಕುರಿತು ಮಾತನಾಡಲು ಹೊರಟರೆ ಕೇಳುಗರು ಹುಬ್ಬೇರಿಸುವುದು ಸಹಜ. ಆದರೆ ಈ ವಿಷಯ ನನ್ನ ಬಳಿಗೆ ಪುಸ್ತಕದಿಂದ ಬಂದುದಲ್ಲ. ಒಬ್ಬ ಬಾಲ್ಯದ ಗೆಳೆಯನ ಬಲಭುಜದಿಂದ ಬಂದುದು.

ಅವನೂ ನಾನೂ ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣಾತೀರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಒಂದೇ ಹಾಸುಗಲ್ಲಿನ ಮೇಲೆ ಕುಳಿತು ಮಗ್ಗಿ ಕಲಿತವರು. ಅವನದು ಅಂಬಿಗರ ಮನೆತನ. ಅವನ ತಂದೆ ತಂಗಡಗಿಯ ದಂಡೆಯಿಂದ ಆಚೆಯ ಕೂಡಲಸಂಗಮಕ್ಕೆ ಹೋಗುವ ಭಕ್ತರನ್ನು ಹರಿಗೋಲಿನಲ್ಲಿ ದಾಟಿಸುತ್ತಿದ್ದರು. ನೀಲಮ್ಮನ ಗುಡಿಯ ಕಡೆ ನಿಂತು ನೋಡಿದರೆ ಆ ದೊಡ್ಡ ಬುಟ್ಟಿ ನೀರಿನ ಮೇಲೆ ತಿರುತಿರುಗುತ್ತ, ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದಂತೆ ಸಾಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸುಗ್ಗಿ ಮುಗಿದ ಮೇಲೆ ಊರವರು ಕೊಡುತ್ತಿದ್ದ ಆಯದ ಜೋಳವೇ ಅವರ ಕೂಲಿ. ಮುಂದೆ ಸೇತುವೆಗಳು ಬಂದವು, ಅಣೆಕಟ್ಟುಗಳು ಬಂದವು. ದಾಟಿಸುವ ಕೆಲಸ ಹೋಯಿತು, ಹಿಡಿಯುವ ಕೆಲಸ ಉಳಿಯಿತು. ಗೆಳೆಯ ಹೆಂಡತಿಯ ತವರಿನ ಕಡೆಗೆ, ಆಲಮಟ್ಟಿಯ ಹಿನ್ನೀರಿನ ದಂಡೆಗೆ ಹೋಗಿ ನೆಲೆಸಿ ಮೀನುಗಾರನಾದ. ನಾನು ಇಂಡಿಯಲ್ಲಿಯೂ ಸಿಂದಗಿಯಲ್ಲಿಯೂ ಮೇಷ್ಟರಾಗಿ ದುಡಿದು ನಿವೃತ್ತನಾದೆ.

ಆಲಮಟ್ಟಿಯ ಹಿನ್ನೀರನ್ನು ನಾವು ಹಿನ್ನೀರು ಎಂದು ಕರೆಯುವುದು ಅಭ್ಯಾಸದಿಂದ. ಕಣ್ಣಿನಿಂದ ನೋಡಿ ಹೆಸರಿಡುವುದಾದರೆ ಅದು ಸಮುದ್ರವೇ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಅರ್ಪಿಸಿದ ಈ ಜಲಾಶಯ ತುಂಬಿದಾಗ 123 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ; ಆಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರು. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ, ಈಗ ನಿಡಗುಂದಿಗೆ ಸೇರಿದ ದಂಡೆಯಲ್ಲಿ ಶ್ರಾವಣದ ಒಂದು ಸಂಜೆ ನಿಂತು ನೋಡಿದರೆ ಆಚೆಯ ತೀರ ಮಬ್ಬಿನಲ್ಲಿ ಕರಗಿರುತ್ತದೆ. ಗಾಳಿ ಎದ್ದಿತೆಂದರೆ ಎದೆಮಟ್ಟದ ತೆರೆಗಳು ಬಂದು ಕರಿಮಣ್ಣಿನ ದಡವನ್ನು ಕಡಿಯುತ್ತವೆ. ಉಪ್ಪಿಲ್ಲ, ಉಬ್ಬರವಿಳಿತವಿಲ್ಲ ಎಂಬುದನ್ನು ಬಿಟ್ಟರೆ ಕರಾವಳಿಯವನು ತನ್ನ ತೀರದ ನೀರಿನಲ್ಲಿ ಎದುರಿಸುವ ತೊಂದರೆಗಳಲ್ಲಿ ಬಹುಪಾಲು ನಮ್ಮ ಬಯಲುಸೀಮೆಯ ಮೀನುಗಾರನಿಗೂ ಉಂಟು.

ಅಂಥ ನೀರಿನಲ್ಲಿ ಇಪ್ಪತ್ತೈದು ವರ್ಷ ಹುಟ್ಟು ಹಾಕಿದ ಮೇಲೆ, ಕಳೆದ ದೀಪಾವಳಿಯ ಹೊತ್ತಿಗೆ ಗೆಳೆಯನ ಬಲಭುಜ ಸೋತಿತು. ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಲಾರ. ರಾತ್ರಿ ಆ ಮಗ್ಗುಲಿಗೆ ಮಲಗಲಾರ. ವೈದ್ಯರು ನೋಡಿ, ಹುಟ್ಟು ಮುಟ್ಟಬೇಡ ಎಂದರು. ಮುಟ್ಟದೆ ಇದ್ದರೆ ಒಲೆ ಉರಿಯುವುದು ಹೇಗೆ ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಗ ಅವನ ಮಗ ತನ್ನ ಮೊಬೈಲಿನಲ್ಲಿ ಒಂದು ದೋಣಿಯನ್ನು ತೋರಿಸಿದನಂತೆ. ಉದ್ದನೆಯ, ಚೂಪು ಮೂತಿಯ ದೋಣಿ. ಅದರಲ್ಲಿ ಕುರ್ಚಿಯಲ್ಲಿ ಕುಳಿತಂತೆ ಕುಳಿತ ಒಬ್ಬಾತ ಸೈಕಲ್ಲು ತುಳಿದಂತೆ ಕಾಲಾಡಿಸುತ್ತಿದ್ದಾನೆ, ಕೈಯಲ್ಲಿ ಗಾಳವಿದೆ, ಹುಟ್ಟು ಎಲ್ಲಿಯೂ ಇಲ್ಲ. ಮಗ ಸಾಲದ ಅರ್ಜಿಯನ್ನೂ ತಂದಿಟ್ಟಿದ್ದ. ಗೆಳೆಯ ನನಗೆ ಫೋನು ಮಾಡಿದ: “ಏ ಮಾಸ್ತರ, ಜೀವನಾ ಪೂರ್ತಿ ಹುಡುಗರಿಗೆ ಬಲಾ, ಚಲನಾ ಅಂತ ಹೇಳೀದಿ. ಈಗ ನನಗೊಂದು ಹೇಳು. ಇದನ್ನ ತಗೋಬೇಕೋ ಬ್ಯಾಡೋ?”

ಉತ್ತರ ಹೇಳಲು ನನಗೆ ಮೂರು ತಿಂಗಳು ಬೇಕಾಯಿತು.

ಕಯಾಕ್ ಎಂಬುದು ಉತ್ತರಧ್ರುವದ ಬಳಿಯ ಹಿಮಸೀಮೆಯ ಜನರ ದೋಣಿ. ತೇಲಿಬಂದ ಮರ, ಮೂಳೆ ಇವುಗಳಿಂದ ಹಂದರ ಕಟ್ಟಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಅವರು ಅದನ್ನು ಮಾಡುತ್ತಿದ್ದರು. ನಮ್ಮ ಹರಿಗೋಲು ಬಿದಿರಿನ ಹಂದರಕ್ಕೆ ದನದ ಚರ್ಮ ಹೊದಿಸಿದ್ದು. ಹೀಗೆ ನೋಡಿದರೆ ಎರಡೂ ಒಂದೇ ಕುಲದವು: ಮರವನ್ನು ಕೊರೆದು ಮಾಡಿದ ದೋಣಿಗಳಲ್ಲ, ಚರ್ಮವನ್ನು ಬಿಗಿದು ಮಾಡಿದವು. ಆದರೆ ಒಂದು ಈಟಿಯಂತೆ ಉದ್ದ, ಇನ್ನೊಂದು ತಟ್ಟೆಯಂತೆ ದುಂಡು. ಇಂದು ಕಯಾಕನ್ನು ಪ್ಲಾಸ್ಟಿಕ್ಕಿನಿಂದಲೂ, ಹರಿಗೋಲನ್ನು ಹಲವೆಡೆ ಫೈಬರಿನಿಂದಲೂ ಎರಕ ಹೊಯ್ಯುತ್ತಾರೆ.

ಕಯಾಕಿಗೆ ಪೆಡಲು ಬಂದದ್ದು ತೀರ ಈಚಿನ ಮಾತು. 1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹೋಬಿ ಎಂಬ ಕಂಪನಿ ದೋಣಿಯ ಹೊಟ್ಟೆಯ ಕೆಳಗೆ ಎರಡು ಈಜುರೆಕ್ಕೆಗಳನ್ನು ಅಳವಡಿಸಿತು. ಪೆಂಗ್ವಿನ್ ಹಕ್ಕಿ ನೀರಿನೊಳಗೆ ರೆಕ್ಕೆಯಾಡಿಸಿ ಈಜುವ ಬಗೆಯೇ ಅದಕ್ಕೆ ಮಾದರಿ. ಬಲಗಾಲು ಒತ್ತಿದರೆ ರೆಕ್ಕೆಗಳು ಅಡ್ಡಲಾಗಿ ಬೀಸುತ್ತವೆ, ಎಡಗಾಲು ಒತ್ತಿದರೆ ಮರಳಿ ಬೀಸುತ್ತವೆ. ಬೀಸುವಾಗ ರೆಕ್ಕೆ ತುಸು ತಿರುಚಿಕೊಳ್ಳುವುದರಿಂದ ನೀರು ಹಿಂದಕ್ಕೆ ಹೋಗುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಇನ್ನೊಂದು ಬಗೆಯಲ್ಲಿ ರೆಕ್ಕೆಗಳಿಲ್ಲ. ಸೈಕಲ್ಲಿನಂತೆಯೇ ತುಳಿಗಾಲು ಸುತ್ತುತ್ತದೆ, ಅದರ ಚಲನೆ ಹಲ್ಲುಗಾಲಿಗಳ ಮೂಲಕ ಕೆಳಗಿನ ಪಂಖಕ್ಕೆ ಮುಟ್ಟುತ್ತದೆ. ಹಿಂದಕ್ಕೆ ತುಳಿದರೆ ದೋಣಿಯೂ ಹಿಂದಕ್ಕೆ ಬರುತ್ತದೆ. ರೆಕ್ಕೆಯ ದೋಣಿಗೆ ಮೊದಮೊದಲು ಹಿಂದೆ ಸರಿಯುವ ವಿದ್ಯೆ ತಿಳಿದಿರಲಿಲ್ಲ. ಅದನ್ನು ಆಮೇಲೆ ಕಲಿಸಿದರು.

ಕಾಲಿಗೇ ಏಕೆ ಕೆಲಸ ಕೊಡಬೇಕು? ಉತ್ತರ ಸರಳವಾಗಿದೆ. ಮನುಷ್ಯನ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ನಿತಂಬದಲ್ಲಿ. ಸಾಮಾನ್ಯ ಆರೋಗ್ಯವುಳ್ಳವನು ಪೆಡಲು ತುಳಿದು ಸುಮಾರು 75 ವಾಟಿನಷ್ಟು ಶಕ್ತಿಯನ್ನು ಗಂಟೆಗಟ್ಟಲೆ ಕೊಡಬಲ್ಲ. ತೋಳುಗಳಿಂದಲೇ ಅಷ್ಟನ್ನು ಅಷ್ಟು ಹೊತ್ತು ಕೊಡು ಎಂದರೆ ಕೊಡಲಾರ. ನಮ್ಮ ಹಿರಿಯರಿಗೆ ಇದು ವಾಟಿನ ಲೆಕ್ಕವಿಲ್ಲದೆಯೇ ತಿಳಿದಿತ್ತು. ಇಳಕಲ್ಲಿನ ಕುಣಿಮಗ್ಗವನ್ನು ನೋಡಿದವರಿಗೆ ವಿವರಿಸಬೇಕಿಲ್ಲ: ಕಾಲು ಕುಣಿಯೊಳಗೆ ತುಳಿಯುತ್ತಿರುತ್ತದೆ, ಕೈ ಲಾಳಿಯನ್ನು ಆಡಿಸುತ್ತಿರುತ್ತದೆ. ಬಲದ ಕೆಲಸ ಕಾಲಿಗೆ, ನಯದ ಕೆಲಸ ಕೈಗೆ. ಮ್ಯಾನ್ಮಾರಿನ ಇನ್ಲೆ ಸರೋವರದ ಮೀನುಗಾರರು ಇದನ್ನು ದೋಣಿಗೇ ತಂದಿದ್ದಾರೆ. ಅವರು ದೋಣಿಯ ತುದಿಯಲ್ಲಿ ಒಂಟಿಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಹುಟ್ಟಿಗೆ ಬಳ್ಳಿಯಂತೆ ಸುತ್ತಿ ನೀರನ್ನು ತಳ್ಳುತ್ತಾರೆ. ಎರಡೂ ಕೈಗಳು ಬಲೆಗೆ ಮೀಸಲು. ನಿಂತಿರುವುದರಿಂದ ಜೊಂಡಿನ ಮೇಲಿಂದ ದೂರಕ್ಕೂ ಕಾಣುತ್ತದೆ. ಪೆಡಲಿನ ದೋಣಿ ಮಾಡಿದವರು ಯಂತ್ರದಿಂದ ಸಾಧಿಸಿದ್ದನ್ನು ಅವರು ಬರಿಯ ಮೊಣಕಾಲಿನಿಂದ ಸಾಧಿಸಿದ್ದಾರೆ ಎಂದು ನನಗೆ ಅನ್ನಿಸುವುದುಂಟು.

ಇಷ್ಟನ್ನು ಮನೆಯಲ್ಲಿ ಕುಳಿತು ಹೇಳಬಹುದು. ಆದರೆ ಗೆಳೆಯನ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಕೊಡುವಂತಿರಲಿಲ್ಲ. ನನ್ನ ಮಗ ಹೊನ್ನಾವರದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಅವನ ಪರಿಚಿತರೊಬ್ಬರು ಇಂಥದೊಂದು ರೆಕ್ಕೆಯ ದೋಣಿಯನ್ನು ತಮ್ಮ ಸಂತೋಷಕ್ಕಾಗಿ ತರಿಸಿಕೊಂಡಿದ್ದರು. ಸಂಕ್ರಾಂತಿ ಮುಗಿಸಿಕೊಂಡು ಹೋಗಿ, ಶರಾವತಿ ಕಡಲನ್ನು ಸೇರುವ ಆ ವಿಸ್ತಾರವಾದ ನೀರಿನಲ್ಲಿ ನಾಲ್ಕು ಬೆಳಗು ಅದನ್ನು ತುಳಿದೆ.

ಮೊದಲ ಬೆಳಗಿನ ಸುಖವನ್ನು ಮುಚ್ಚಿಡುವುದು ಅನ್ಯಾಯವಾದೀತು. ಬೆನ್ನಿಗೆ ಆಸರೆ, ಮಡಿಲಲ್ಲಿ ಬಿಡುವಾದ ಎರಡು ಕೈ, ಪಕ್ಕದಲ್ಲಿ ಚುಕ್ಕಾಣಿಯ ಒಂದು ಹಿಡಿ. ಹುಟ್ಟಿನಿಂದ ನೀರು ತೊಟ್ಟಿಕ್ಕಿ ಮೈ ನೆನೆಯುವುದಿಲ್ಲ. ದೋಣಿ ತಲೆಯಾಡಿಸದೆ ಗೆರೆ ಕೊರೆದಂತೆ ಹೋಗುತ್ತದೆ. ಅರವತ್ತೆಂಟರ ನಾನು ಒಂದೂವರೆ ಗಂಟೆ ತುಳಿದರೂ ಉಸಿರು ಕಟ್ಟಲಿಲ್ಲ. ಎದುರುಗಾಳಿ ಬಂದಾಗ ಅದರ ನಿಜವಾದ ಗುಣ ತಿಳಿಯಿತು. ಹುಟ್ಟು ಹಾಕುವವನು ಪ್ರತಿ ಸಲವೂ ಹುಟ್ಟನ್ನು ಗಾಳಿಯೊಳಗೆ ಎತ್ತಬೇಕು. ಗಾಳಿ ಅದನ್ನು ಹಿಡಿದು ಜಗ್ಗುತ್ತದೆ, ಎರಡು ಎಳೆತಗಳ ನಡುವೆ ದೋಣಿಯನ್ನು ಹಿಂದಕ್ಕೆ ಸರಿಸುತ್ತದೆ. ಇಲ್ಲಿ ರೆಕ್ಕೆಗಳು ನೀರನ್ನು ಬಿಟ್ಟು ಮೇಲೆ ಬರುವುದೇ ಇಲ್ಲ. ಅದೇ ಬೆಳಗು ನನ್ನ ಜೊತೆ ಸಾದಾ ಕಯಾಕಿನಲ್ಲಿ ಬಂದ ನನ್ನ ಮಗ, ನನಗಿಂತ ಮೂವತ್ತು ವರ್ಷ ಚಿಕ್ಕವನು, ಗಾಳಿಗೆ ಎದುರಾಗಿ ಹಿಂದೆ ಬಿದ್ದ. ಈ ಸಂತೋಷ ನನಗೆ ಎರಡು ದಿನ ಉಳಿಯಿತು.

ವೇಗದ ಬಗ್ಗೆ ಒಂದು ಮಾತು, ಏಕೆಂದರೆ ಮಾರುವವರು ಇದನ್ನೇ ಮುಂದೆ ಮಾಡುತ್ತಾರೆ. ನೀರಿನಲ್ಲಿ ವೇಗವನ್ನು ಎರಡರಷ್ಟು ಮಾಡಬೇಕಾದರೆ ಸುಮಾರು ಎಂಟರಷ್ಟು ಶಕ್ತಿ ಬೇಕು. ಅದೂ ಅಲ್ಲದೆ, ನೀರನ್ನು ಸೀಳಿಕೊಂಡು ಹೋಗುವ ಪ್ರತಿಯೊಂದು ದೋಣಿಗೂ ಅದರ ಉದ್ದ ಗೊತ್ತುಮಾಡಿದ ಒಂದು ಮಿತಿಯುಂಟು. ಹನ್ನೆರಡು ಅಡಿಯ ದೋಣಿಗೆ ಅದು ಗಂಟೆಗೆ ಎಂಟೂವರೆ ಕಿಲೋಮೀಟರಿನ ಆಸುಪಾಸು. ಅದರ ಹತ್ತಿರ ಹೋದಂತೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಕಾಲಿನಿಂದ ತುಳಿದರೂ ಕೈಯಿಂದ ಎಳೆದರೂ ಆ ದಿಬ್ಬ ಕದಲದು. 1991ರಲ್ಲಿ ಅಮೆರಿಕದ ಎಂ.ಐ.ಟಿ.ಯ ಮಾರ್ಕ್ ಡ್ರೇಲಾ ಅವರು ತುಳಿಯುವ ದೋಣಿಯೊಂದನ್ನು 18.5 ನಾಟಿನ, ಎಂದರೆ ಗಂಟೆಗೆ 34 ಕಿಲೋಮೀಟರಿನ ವೇಗದಲ್ಲಿ ಓಡಿಸಿದ್ದು ನಿಜ. ಆದರೆ ಆ ದೋಣಿ ನೀರೊಳಗಿನ ಸಣ್ಣ ರೆಕ್ಕೆಗಳ ಮೇಲೆ ಎದ್ದುನಿಂತು ಓಡಿತ್ತು, ಅದನ್ನು ನೂಕಿದ್ದು ಗಾಳಿಯಲ್ಲಿ ತಿರುಗುವ ಪಂಖ, ಓಡಿದ್ದು ನಿಂತ ನೀರಿನಲ್ಲಿ ನೂರು ಮೀಟರು. ಅದರಲ್ಲಿ ಮೀನಿನ ಬುಟ್ಟಿ ಇಡಲು ಜಾಗವಿರಲಿಲ್ಲ. ಪೆಡಲಿನಿಂದ ದೊರೆಯುವ ಲಾಭ ವೇಗವಲ್ಲ, ದಣಿವಾಗದಿರುವುದು.

ಮೂರನೆಯ ಬೆಳಗು ನಾನು ಹುಟ್ಟನ್ನು ದಡದಲ್ಲಿಯೇ ಬಿಟ್ಟು ಹೊರಟೆ. ದೋಣಿಯ ಯಜಮಾನರು ಮೊದಲ ದಿನವೇ ಹೇಳಿದ್ದರು: ಪೆಡಲಿದ್ದರೂ ಹುಟ್ಟು ಜೊತೆಗಿರಬೇಕು. ಎರಡು ದಿನ ಅದು ಮಗ್ಗುಲಲ್ಲಿ ಸುಮ್ಮನೆ ಬಿದ್ದಿತ್ತು. ಕಾಲಿಗೆ ಅಡ್ಡ ಎಂದು ತೆಗೆದಿಟ್ಟೆ. ಮೈಮೇಲೆ ತೇಲುಕವಚವಿತ್ತು ಎಂಬುದೊಂದೇ ಆ ದಿನ ನಾನು ತೋರಿದ ವಿವೇಕ. ಇಳಿತ ಆರಂಭವಾಗಿತ್ತು, ನದಿಯೂ ಕಡಲೂ ಒಂದೇ ಕಡೆಗೆ ಎಳೆಯುವ ಹೊತ್ತು. ಕಾಂಡ್ಲಗಿಡಗಳ ಅಂಚಿನಲ್ಲಿ ಬಾಗಿ ಬರುತ್ತಿದ್ದಂತೆ ಕಾಲುಗಳು ಇದ್ದಕ್ಕಿದ್ದಂತೆ ನಿಂತವು. ಎಷ್ಟು ಒತ್ತಿದರೂ ಪೆಡಲು ಕದಲದು. ಇಣುಕಿ ನೋಡಿದರೆ ಯಾರೋ ಹಾಕಿದ ಸಣ್ಣೆಳೆಯ ಬಲೆ ರೆಕ್ಕೆಗಳಿಗೆ ಹೆಣ್ಣುಮಗಳ ಜಡೆಯಂತೆ ಹೆಣೆದುಕೊಂಡಿದೆ. ಆ ಸಾಧನವನ್ನು ದೋಣಿಯ ನಡುವಿನ ಕಿಂಡಿಯಿಂದ ಮೇಲಕ್ಕೆ ಸೆಳೆದುಕೊಳ್ಳಬಹುದು. ಆದರೆ ಬಲೆ ಸುತ್ತಿದ ಮೇಲೆ ಅದು ಕಿಂಡಿಯಲ್ಲಿ ತೂರದು. ಬಲೆ ದೋಣಿಯ ಹೊಟ್ಟೆಯನ್ನು ಹಿಡಿದಿತ್ತು, ಇಳಿತ ಅದನ್ನು ಅಳಿವೆಯತ್ತ ಜಗ್ಗುತ್ತಿತ್ತು. ಇವೆರಡರ ನಡುವೆ ದೋಣಿ ಪ್ರವಾಹಕ್ಕೆ ಅಡ್ಡಲಾಗಿ ವಾಲತೊಡಗಿತು. ಒಂದು ಹುಟ್ಟಿದ್ದರೆ ಊರಿ ಮೂತಿಯನ್ನು ತಿರುಗಿಸಬಹುದಿತ್ತು. ನಾನು ಎರಡು ಬರಿಗೈಗಳಿಂದ ಕಡಲಿಗೆ ಹೋಗುವ ನೀರನ್ನು ಬಡಿಯುತ್ತ ಕುಳಿತೆ. ಬಿಡುವಾದ ಕೈಗಳ ಬಗ್ಗೆ ಹಿಂದಿನ ರಾತ್ರಿಯಷ್ಟೇ ಮಗನಿಗೆ ಉಪನ್ಯಾಸ ಕೊಟ್ಟಿದ್ದೆ.

ಅರ್ಧ ಗಂಟೆಯೋ ಹತ್ತು ನಿಮಿಷವೋ ತಿಳಿಯದು. ಬಲೆಯ ಒಡೆಯ ತನ್ನ ಪಾತಿದೋಣಿಯಲ್ಲಿ ಬಂದ. ನನ್ನನ್ನು ನೋಡಲಿಲ್ಲ, ಮೊದಲು ಬಲೆಯನ್ನು ನೋಡಿದ. ಆಮೇಲೆ ಕೇಳಿದ: “ಹುಟ್ಟೆಲ್ಲಿ ಮಾರಾಯ್ರೇ?” ಎರಡು ಮಾರು ಬಲೆಯನ್ನು ಕೊಯ್ದು ನನ್ನನ್ನು ಬಿಡಿಸಿ, ದಡದವರೆಗೆ ಎಳೆದುಕೊಂಡು ಬಂದ. ಬಲೆಯ ಬೆಲೆಯನ್ನು ಕೊಟ್ಟೆ. ದಿನದ ಮೀನಿನ ಬೆಲೆಯನ್ನು ಅವನೂ ಕೇಳಲಿಲ್ಲ, ನನಗೂ ಅಲ್ಲಿ ಹೊಳೆಯಲಿಲ್ಲ, ಬಸ್ಸಿನಲ್ಲಿ ಹೊಳೆಯಿತು.

ನಾಲ್ಕನೆಯ ಬೆಳಗು ಹುಟ್ಟಿನೊಂದಿಗೆ ಹೋದೆ, ಆದರೆ ಈ ಸಲ ದೋಣಿಯ ಮೇಲಿನದನ್ನಲ್ಲ, ಕೆಳಗಿನದನ್ನು ಗಮನಿಸುತ್ತ ಹೋದೆ. ಆಗ ಕಂಡದ್ದು ಇದು. ಈ ದೋಣಿಯ ಬುದ್ಧಿಯೆಲ್ಲ ಅದರ ಹೊಟ್ಟೆಯ ಕೆಳಗಿದೆ. ನೀರು ಆಳವಾಗಿ, ತಿಳಿಯಾಗಿ, ಖಾಲಿಯಾಗಿ ಇರುವ ತನಕ ಅದು ರಾಜ. ಮರಳುದಿಬ್ಬ ಬಂದರೆ ರೆಕ್ಕೆ ತಗಲುತ್ತದೆ. ಒಂದು ಪೆಡಲನ್ನು ಪೂರ್ತಿ ಮುಂದಕ್ಕೊತ್ತಿ ರೆಕ್ಕೆಗಳನ್ನು ತಳಕ್ಕೆ ಅಂಟಿಸಿಕೊಳ್ಳಬಹುದು, ಆದರೆ ಆಗ ತುಳಿಯುವಂತಿಲ್ಲ. ಪಂಖದ ಬಗೆಯದಾದರೆ ಇಡಿಯಾಗಿ ಮೇಲಕ್ಕೆತ್ತಬೇಕು. ಮುರುಕುವಿನಂಥ ಸಿಪ್ಪೆ ಕಟ್ಟಿದ ಬಂಡೆ, ಕಾಂಡ್ಲದ ಬೇರು, ಜೊಂಡು, ಬಲೆ, ತೇಲಿಬಂದ ಪ್ಲಾಸ್ಟಿಕ್ ಚೀಲ, ಇವೆಲ್ಲ ಇರುವುದು ತೀರದಲ್ಲಿಯೇ. ಅಲೆ ಮುರಿಯುವ ಮರಳತೀರದಲ್ಲಿ ಇಳಿಯುವಾಗಲಂತೂ ರೆಕ್ಕೆಯನ್ನು ಕೆಳಗೆ ಬಿಟ್ಟಿದ್ದರೆ ಅಲೆ ದೋಣಿಯನ್ನು ಮರಳಿಗೆ ಕುಕ್ಕಿ ಅದನ್ನು ಮುರಿಯುತ್ತದೆ. ಮೇಲೆ ಸೆಳೆದುಕೊಂಡಿದ್ದರೆ ದೋಣಿಯನ್ನು ನೇರವಾಗಿ ಹಿಡಿಯಲು ಹುಟ್ಟೇ ಗತಿ. ಉಪ್ಪುನೀರು ಕೀಲುಗಳನ್ನು ತಿನ್ನುತ್ತದೆ, ಮರಳು ಹಲ್ಲುಗಾಲಿಯಲ್ಲಿ ಸೇರುತ್ತದೆ. ಪ್ರತಿದಿನ ಸಿಹಿನೀರಿನಿಂದ ತೊಳೆಯಬೇಕು. ತೂಕ ನಲವತ್ತೈವತ್ತು ಕಿಲೋ. ಒಬ್ಬನೇ ಹೊರಲಾರ, ಅಡಿಯಲ್ಲಿ ಗಾಲಿ ಕಟ್ಟಬೇಕು. ಬೆಲೆ ಲಕ್ಷಗಳಲ್ಲಿ.

ನಡುಗಡಲಿನಲ್ಲಿ ಈ ತೊಡಕುಗಳಾವುವೂ ಇಲ್ಲವೆಂಬುದೇ ಸೋಜಿಗ. ಇಂಗ್ಲೆಂಡಿನ ಜೇಸನ್ ಲೂಯಿಸ್ ಮತ್ತು ಸ್ಟೀವ್ ಸ್ಮಿತ್ ಎಂಬ ಗೆಳೆಯರು 1994-95ರಲ್ಲಿ ಮರದ ತುಳಿದೋಣಿಯೊಂದರಲ್ಲಿ ಪೋರ್ಚುಗಲ್ಲಿನಿಂದ ಅಮೆರಿಕದ ಮಯಾಮಿಗೆ 111 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಲೂಯಿಸ್ ಬರಿಯ ದೇಹಬಲದಿಂದಲೇ ಭೂಮಿಯನ್ನು ಸುತ್ತುವ ಯಾತ್ರೆಯನ್ನು 2007ರಲ್ಲಿ ಮುಗಿಸಿದ. ಅದೇ ವರ್ಷ ಆತ ಅದೇ ದೋಣಿಯಲ್ಲಿ ಮುಂಬಯಿಯಿಂದ ಜಿಬೂಟಿಗೆ ನಮ್ಮ ಅರಬ್ಬೀ ಸಮುದ್ರವನ್ನೂ ತುಳಿದೇ ದಾಟಿದ್ದ. ದೋಣಿಯ ಹೆಸರು ‘ಮೋಕ್ಷ’. ಅಂದರೆ ಮಹಾಸಾಗರವನ್ನು ದಾಟಿಸಬಲ್ಲ ಉಪಾಯವೇ ಮೊಣಕಾಲುದ್ದದ ನೀರಿನಲ್ಲಿ, ಒಂದು ಹರಕು ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಕರಾವಳಿಯ ಗೆಳೆಯರು ಇಂಥ ದೋಣಿ ಕೊಳ್ಳುವ ಮುನ್ನ ತಮ್ಮ ಕಡಲಿನ ಅಗಲವನ್ನು ನೋಡಬಾರದು, ತಮ್ಮ ದಡದ ತಳವನ್ನು ನೋಡಬೇಕು. ಸಂತೋಷಕ್ಕೆ ಸುತ್ತುವವರು, ಗಾಳ ಹಾಕುವವರು, ಭುಜದ ನೋವಿನಿಂದ ನೀರಿನಿಂದಲೇ ದೂರವಾದವರು, ಇವರು ಶಾಂತವಾದ ಆಳನೀರಿನಲ್ಲಿ ಇದನ್ನು ಬಳಸಿದರೆ ನಾನು ಹೊಟ್ಟೆಕಿಚ್ಚುಪಡುವೆನೇ ಹೊರತು ಬೇಡವೆನ್ನಲಾರೆ. ಜೂನ್ ಜುಲೈ ತಿಂಗಳಲ್ಲಿ ಮಾತ್ರ ಬೇಡ. ಯಂತ್ರದೋಣಿಗಳಿಗೇ ನಿಷೇಧವಿರುವ ಆ ಎರಡು ತಿಂಗಳು ನಮ್ಮ ಕಡಲು ಯಾರ ಕಾಲಿನ ಮಾತನ್ನೂ ಕೇಳುವುದಿಲ್ಲ.

ಇನ್ನು ಹರಿಗೋಲಿನ ಮಾತು. ಊರಿಗೆ ಮರಳುವ ದಾರಿಯಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ. ಐದುನೂರು ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಈ ಬುಟ್ಟಿದೋಣಿಯನ್ನು ಕಂಡು, ಅದು ಉಳಿದ ದೋಣಿಗಳಂತೆ ನೇರ ಹೋಗದೆ ಸದಾ ತಿರುಗುತ್ತಲೇ ಇರುತ್ತದೆಂದು ಬರೆದಿಟ್ಟ. ಕಂಡದ್ದು ಸರಿಯೇ. ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ, ಏರುಗಟ್ಟಿಲ್ಲ. ಗಾಳಿ ಹೇಳಿದತ್ತ ಜಾರುತ್ತದೆ. ಕುಳಿತವನು ಹುಟ್ಟನ್ನು ತನ್ನ ಮುಂದೆ ನೀರಿಗಿಳಿಸಿ ಎಡಕ್ಕೂ ಬಲಕ್ಕೂ ಹೊರಳಿಸುತ್ತ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು; ಆ ಎಳೆತದ ಭಾರವೆಲ್ಲ ಭುಜದ ಕೀಲಿನ ಮೇಲೆ. ನನ್ನ ಗೆಳೆಯನ ಭುಜವನ್ನು ತಿಂದದ್ದು ಅದೇ. ಆದರೆ ಹರಿಗೋಲಿಗೆ ಒಂದು ಗೇಣು ನೀರು ಸಾಕು. ಅದರ ಹೊಟ್ಟೆಯ ಕೆಳಗೆ ಏನೂ ಇಲ್ಲ. ಬಲೆಯ ಮೇಲೆ, ಬೊಡ್ಡೆಯ ಮೇಲೆ, ಮರಳಿನ ಮೇಲೆ ಜಾರಿಕೊಂಡು ಹೋಗುತ್ತದೆ. ಯಾವ ಮಗ್ಗುಲಿಗೆ ಬಾಗಿ ಬಲೆ ಎತ್ತಿದರೂ ಒಂದೇ. ನೀರು ಮುಗಿದರೆ ತಲೆಯ ಮೇಲೆ ಬೋರಲು ಹೊತ್ತುಕೊಂಡು ಮನೆಗೆ ನಡೆಯಬಹುದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬಾಬಿಲೋನಿಗೆ ಬರುವ ವರ್ತಕರು ಇಂಥ ದುಂಡು ಚರ್ಮದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಏರಿಸಿಕೊಂಡು ಹೊಳೆಯ ಕೆಳಮುಖವಾಗಿ ಬರುತ್ತಿದ್ದರೆಂದೂ, ಸರಕು ಮಾರಿದ ಮೇಲೆ ಹಂದರವನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ಕಾಲುನಡಿಗೆಯಲ್ಲಿ ಮರಳುತ್ತಿದ್ದರೆಂದೂ ಬರೆದಿದ್ದಾನೆ. ನಲವತ್ತೈವತ್ತು ಕಿಲೋ ತೂಗುವ ಪೆಡಲ್ ಕಯಾಕನ್ನು ಯಾವ ಕತ್ತೆಯೂ ಮೆಚ್ಚಲಾರದು.

ನಾನು ಪಾಠ ಹೇಳಿದ ಇಂಡಿ, ಸಿಂದಗಿಗಳ ಉತ್ತರದ ಅಂಚಿನಲ್ಲಿ ಹರಿಯುವ ಭೀಮೆಯ ಮಟ್ಟಿಗೆ ಈ ತೀರ್ಪು ಸುಲಭ. ಬೇಸಿಗೆಯಲ್ಲಿ ಧೂಳಖೇಡದಿಂದ ದೇವಣಗಾಂವದವರೆಗೆ ನಡೆದುಕೊಂಡು ಹೋದರೆ ಬಾಂದಾರಗಳ ಹಿಂದೆ ನಿಂತ ಮಡುಗಳನ್ನು ಬಿಟ್ಟು ಮಿಕ್ಕೆಡೆ ಮರಳು, ಬಂಡೆ, ಮೊಣಕಾಲುದ್ದದ ನೀರು. ಅಲ್ಲಿ ತುಳಿಯಲು ಜಾಗವೇ ಇಲ್ಲ. ಉಜನಿಯಿಂದ ನೀರು ಬಿಟ್ಟಾಗ, 2020ರ ಅಕ್ಟೋಬರಿನಲ್ಲಿ ಕಂಡಂತೆ, ಅದೇ ಹೊಳೆ ಹೊಲ ಮನೆಗಳನ್ನೆಲ್ಲ ನುಂಗಿ ಹರಿಯುತ್ತದೆ. ಆಗ ತುಳಿಯುವ ಧೈರ್ಯ ಯಾರಿಗೂ ಇರಲಾರದು. ಕೃಷ್ಣೆಯ ಪ್ರಶ್ನೆ ಬೇರೆ. ಮುದ್ದೇಬಿಹಾಳದ ಕೆಳಗೆ ನಾರಾಯಣಪುರದ ನೀರು, ಮೇಲೆ ಆಲಮಟ್ಟಿಯ ನೀರು. ಎರಡೂ ಆಳ, ಎರಡೂ ಅಗಲ. ಗೆಳೆಯ ಬಲೆ ಹಾಕುವ ಜಾಗ ದಂಡೆಯಿಂದ ಮೂರು ನಾಲ್ಕು ಕಿಲೋಮೀಟರು. ಅಷ್ಟು ದೂರವನ್ನು ಕಾಲಿನಿಂದ ಹೋಗುವಂತಿದ್ದರೆ ಅವನ ಭುಜ ಉಳಿಯುವುದು ಖಂಡಿತ.

ಫಾಲ್ಗುಣದಲ್ಲಿ ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಇದೆಲ್ಲವನ್ನೂ ಹೇಳಿದೆ, ನನ್ನ ಮೂರನೆಯ ಬೆಳಗಿನ ಕತೆಯನ್ನೂ ಮುಚ್ಚಿಡಲಿಲ್ಲ. ಗೆಳೆಯ ಬಹಳ ಹೊತ್ತು ನಕ್ಕ. ಮಗ ಮಾತ್ರ ಬಿಡಲಿಲ್ಲ. “ಕಾಕಾ, ನೀವು ಬಲಿ ನೋಡದ ಹೋಗಿ ಸಿಗಬಿದ್ರಿ. ನಮಗ ನಮ್ಮ ಬಲಿ ಎಲ್ಲಿ ಐತಿ ಅಂತ ಗೊತ್ತಿರ್ತತಿ. ಬಲಿ ತನಕಾ ತುಳಕೊಂಡು ಹೋಗೂದು, ಅಲ್ಲಿ ಅದನ್ನ ಮ್ಯಾಲೆ ಎತ್ತಿಬಿಡೂದು.” ಅವನ ವಾದದಲ್ಲಿ ಹುರುಳಿತ್ತು. ನಾನು ಒಪ್ಪಿಕೊಂಡೆ. ಗೆಳೆಯ ಎದ್ದು ನಿಂತು ನೀರಿನತ್ತ ಎಡಗೈಯನ್ನು ಚಾಚಿದ.

“ಅಲ್ಲಿ ಕಾಣತೈತಲಾ, ಆ ಹಕ್ಕಿ ಕುಂತದ್ದು? ಅದು ಬೇವಿನ ಗಿಡದ ತುದಿ. ಅದರ ಕೆಳಗ ಒಂದು ಊರ ಐತಿ. ಗ್ವಾಡಿ ಅದಾವು, ಬಾವಿ ಕಟ್ಟಿ ಐತಿ, ಜಾಲಿ ಬೊಡ್ಡಿ ಎಷ್ಟ ಅದಾವಂತ ನನಗೂ ಗೊತ್ತಿಲ್ಲ. ನೀರು ತುಂಬಿದಾಗ ಮ್ಯಾಲೆ ಹಾದು ಹೋಗಬಹುದು. ಈಗಿಂದ ದಿನಾ ನೀರು ಇಳೀತತಿ. ಇವತ್ತು ಇಲ್ಲದ ಬೊಡ್ಡಿ ನಾಳೆ ಇರ್ತತಿ. ಆ ರೆಕ್ಕಿ ಮುರದ್ರ ಎಲ್ಲಿ ಸಿಗತೈತಿ? ಬಾಗೇವಾಡಿ ಸಂತ್ಯಾಗ ಸಿಗತೈತೇನು?”

ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹರಿಗೋಲು ತೂತಾದರೆ ಅವನ ಹೆಂಡತಿ ಒಂದು ತುಂಡು ತಾಡಪತ್ರಿ, ಒಂದು ಹಿಡಿ ಡಾಂಬರು ಇಟ್ಟುಕೊಂಡು ಅಡುಗೆ ಆಗುವುದರೊಳಗೆ ಮುಚ್ಚಬಲ್ಲಳು. ಆಕೆ ಒಳಗಿನಿಂದ ಚಹಾ ತಂದಿಟ್ಟು, ಅಷ್ಟೂ ಹೊತ್ತು ಕೇಳುತ್ತಿದ್ದವಳು, ತಾನೂ ಒಂದು ಮಾತು ಸೇರಿಸಿದಳು: “ಕಾಲಿಗೆ ಕೆಲಸಾ ಹಚ್ಚಿ ಕೈ ಖಾಲಿ ಮಾಡ್ತೀರಿ, ಖರೆ. ಆ ಖಾಲಿ ಕೈಲೆ ಸಾಲಾ ಹ್ಯಾಂಗ ತೀರಸ್ತೀರಿ, ಅದನ್ನೂ ಹೇಳ್ರಿ ಮಾಸ್ತರ್ರ.” ನಾನು ವೈನಿಯ ಮುಖವನ್ನು ನೋಡಿದೆ. ಆಕೆ ಹಾಸ್ಯ ಮಾಡುತ್ತಿರಲಿಲ್ಲ. ಆದರೆ ಆಕೆಯೇ ಮರುಕ್ಷಣ ಗಂಡನ ಭುಜಕ್ಕೆ ಹಚ್ಚಲು ಎಣ್ಣೆ ಬಿಸಿಮಾಡಿ ತಂದಳು.

ಆ ದಿನ ನಾನು ಹೇಳಿದ್ದು ಇಷ್ಟು: ಈ ನೀರು ಶ್ರಾವಣದಿಂದ ಪುಷ್ಯದವರೆಗೆ ಪೆಡಲಿನ ನೀರು, ಆಮೇಲೆ ಹರಿಗೋಲಿನ ನೀರು. ಆರು ತಿಂಗಳ ಅನುಕೂಲಕ್ಕೆ ಲಕ್ಷಗಟ್ಟಲೆ ಸಾಲ ಒಬ್ಬನೇ ಮಾಡುವುದು ಸಲ್ಲ. ನಾಲ್ಕಾರು ಮನೆಯವರು ಕೂಡಿ ಒಂದನ್ನು ಕೊಂಡು, ಬಲೆಯ ತನಕ ಹರಿಗೋಲುಗಳನ್ನು ಹಿಂದೆ ಕಟ್ಟಿಕೊಂಡು ಹೋಗಬಹುದೇ ನೋಡಬೇಕು. ದುಂಡು ಬುಟ್ಟಿಯನ್ನು ಎಳೆಯುವುದು ಎಷ್ಟು ಭಾರವಾದೀತು ಎಂಬ ಲೆಕ್ಕವನ್ನು ನಾನಿನ್ನೂ ಮಾಡಿಲ್ಲ. ಹುಡುಗ ಅಲ್ಲಿಯವರೆಗೆ ತಾನೇ ಹುಟ್ಟು ಹಾಕುತ್ತೇನೆಂದ. ತಂದೆ ಬಲೆಯ ಹಗುರಾದ ತುದಿಯನ್ನು ಎಡಗೈಯಿಂದ ಎಳೆದುಕೊಳ್ಳಲಿ ಎಂದ. ಅರ್ಜಿಯನ್ನು ಮಡಿಸಿ ಮಾಡದಲ್ಲಿ ದೀಪದ ಹಿಂದೆ ಇಟ್ಟ. ಹರಿಯಲಿಲ್ಲ.

ಹೊರಡುವ ಮುನ್ನ ಗೆಳೆಯ ನನ್ನನ್ನು ದಂಡೆಗೆ ಕರೆದುಕೊಂಡು ಹೋದ. ಹರಿಗೋಲನ್ನು ನೀರಿಗೆ ತಳ್ಳಿ, ತಾನು ಪ್ರಯಾಣಿಕನಂತೆ ಒಳಗೆ ಕುಳಿತು, ಹುಟ್ಟನ್ನು ನನ್ನ ಕೈಗೆ ಕೊಟ್ಟ. “ಹಾಕಪಾ ಮಾಸ್ತರ. ನಿನ್ನ ಲೆಕ್ಕಾ ನೋಡೂಣು.” ನಾನು ಎಳೆದೆ. ಅದು ತಿರುಗಿತು. ಇನ್ನೊಂದು ಕಡೆಗೆ ಎಳೆದೆ. ಇನ್ನೊಂದು ಕಡೆಗೆ ತಿರುಗಿತು. ದಂಡೆ, ಬೇವಿನ ತುದಿ, ದೂರದ ಅಣೆಕಟ್ಟು, ಮತ್ತೆ ದಂಡೆ, ಎಲ್ಲವೂ ಸರದಿಯಂತೆ ನನ್ನ ಮುಂದೆ ಬಂದು ಹೋದವು. ಮೊಣಕಾಲುದ್ದದ ನೀರಿನಲ್ಲಿ ನಾವು ಹತ್ತು ಮಾರೂ ಹೋಗಿರಲಿಲ್ಲ. ಅವನು ನೋಯುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಶಾಲೆಯಲ್ಲಿ ನಾನು ಮಗ್ಗಿ ತಪ್ಪಿದಾಗ ನಗುತ್ತಿದ್ದಂತೆಯೇ ನಗುತ್ತಿದ್ದ.